ಒರತೆಯ ವಹಿ: ವೆಲ್ಹೆಯ ವಾಡಿಯೊಂದಕ್ಕೆ ನೀರು ಬಂದ ಬಗೆ

ನಾನು ಹುಟ್ಟಿ ಬೆಳೆದದ್ದು ಮುಂಡರಗಿಯ ಕಡೆಯ ಒಂದು ಹಳ್ಳಿಯಲ್ಲಿ. ಆಗ ಅದು ಧಾರವಾಡ ಜಿಲ್ಲೆಗೆ ಸೇರಿತ್ತು, ಈಗ ಗದಗ ಜಿಲ್ಲೆಯಲ್ಲಿದೆ. ಅಲ್ಲಿಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ನನ್ನ ಮುಂದಿನ ಹಲ್ಲುಗಳ ಮೇಲೆ ಇಂದಿಗೂ ಉಳಿದಿರುವ ಕಂದು ಪಟ್ಟೆಗಳು ಆ ನೀರಿನ ಗುರುತು. ನನ್ನ ಅಜ್ಜಿ ತನ್ನ ಕೊನೆಯ ವರ್ಷಗಳಲ್ಲಿ ಬೆನ್ನು ನೆಟ್ಟಗೆ ಮಾಡಲಾರದೆ ನೆಲವನ್ನೇ ನೋಡಿಕೊಂಡು ನಡೆಯುತ್ತಿದ್ದಳು. ನೋಡುವುದಕ್ಕೆ ಆ ನೀರು ತಿಳಿಯಾಗಿತ್ತು, ರುಚಿಯಲ್ಲಿಯೂ ಕೆಟ್ಟದ್ದಿರಲಿಲ್ಲ. ಕುದಿಸಿ ಆರಿಸಿದರೆ ದೋಷವೆಲ್ಲ ಹೋಗುತ್ತದೆ ಎಂದು ಮನೆಯಲ್ಲಿ ನಂಬಿದ್ದೆವು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಹೋದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ ಎಂಬುದು ನನಗೆ ತಿಳಿದದ್ದು ಸಿವಿಲ್ ಇಂಜಿನಿಯರಿಂಗ್ ಓದುವಾಗ. ಮದುವೆಯಾಗಿ ಪುಣೆಗೆ ಬಂದ ಮೇಲೆ ಹಳ್ಳಿಗಳ ಕುಡಿಯುವ ನೀರಿನ ಕೆಲಸ ಮಾಡುವ ಒಂದು ಸ್ವಯಂಸೇವಾ ಸಂಸ್ಥೆಯನ್ನು ನಾನು ಸೇರಿದ್ದಕ್ಕೆ ಅಜ್ಜಿಯ ಆ ಬಾಗಿದ ಬೆನ್ನೇ ಕಾರಣ.

ಇಲ್ಲಿ ಹೇಳಹೊರಟಿರುವುದು ಪುಣೆ ಜಿಲ್ಲೆಯ ವೆಲ್ಹೆ (ಈಗ ರಾಜಗಡ) ತಾಲೂಕಿನ ಒಂದು ವಾಡಿಯ, ಎಂದರೆ ಪುಟ್ಟ ಊರಿನ, ಕಥೆಯನ್ನು. ಅದಕ್ಕೂ ಮೊದಲು ನಾನು ಸೋತ ಒಂದು ಊರಿನ ವಿಷಯವನ್ನು ಹೇಳಲೇಬೇಕು, ಏಕೆಂದರೆ ಅಲ್ಲಿ ಕಲಿತದ್ದನ್ನೇ ಇಲ್ಲಿ ನಡೆಸಿ ನೋಡಿದೆ.

ಅದು ಜಿಲ್ಲೆಯ ಪೂರ್ವ ಭಾಗದ, ಮಳೆ ಕಡಿಮೆಯಿರುವ ಊರು. ಸ್ವಜಲಧಾರಾ ಯೋಜನೆಯ ಕಾಲ. 2002ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಆ ಯೋಜನೆಯಲ್ಲಿ ಕಾಮಗಾರಿಯ ವೆಚ್ಚದ ನೂರಕ್ಕೆ ಹತ್ತು ಭಾಗವನ್ನು ಊರಿನವರು ವಂತಿಗೆಯಾಗಿ ಕೊಡಬೇಕಿತ್ತು. ಕೊಳವೆಬಾವಿ ಕೊರೆಸಿದೆವು, ಮೋಟಾರು ಇಳಿಸಿದೆವು, ಎತ್ತರದ ಟಾಕಿ ಕಟ್ಟಿಸಿದೆವು. ನಕ್ಷೆ, ಲೆಕ್ಕ, ಕೊಳವೆಯ ಅಳತೆ ಎಲ್ಲವೂ ನನ್ನವೇ, ಅವುಗಳಲ್ಲಿ ತಪ್ಪಿರಲಿಲ್ಲ. ವಂತಿಗೆ ಮಾತ್ರ ಮೂರೇ ದಿನದಲ್ಲಿ ಪೂರ್ತಿ ಜಮೆಯಾಗಿತ್ತು. ಊರಿನ ಉತ್ಸಾಹವೆಂದು ನಾನು ಹಿಗ್ಗಿದ್ದೆ. ಎರಡು ವರ್ಷದ ನಂತರ ಮೋಟಾರು ಸುಟ್ಟಿತು; ನಾಲ್ಕು ತಿಂಗಳು ಕಳೆದರೂ ಅದನ್ನು ಯಾರೂ ಮೇಲೆತ್ತಿಸಲಿಲ್ಲ. ನಾನು ಹೋಗಿ ಕೇಳಿದಾಗ ಹಿರಿಯರೊಬ್ಬರು ಯಾವ ಕೋಪವೂ ಇಲ್ಲದೆ, "ತಾಯೀ, ಅದು ಗುತ್ತಿಗೆದಾರನ ಮೋಟಾರು, ಅವನೇ ಮಾಡಿಸಲಿ" ಎಂದರು. ವಂತಿಗೆಯ ಹಣವನ್ನು ಗುತ್ತಿಗೆದಾರನೇ ಊರಿನವರ ಹೆಸರಿನಲ್ಲಿ ಕಟ್ಟಿ, ಆಮೇಲೆ ಕೊಳವೆಯ ಆಳದಲ್ಲಿಯೂ ಸಿಮೆಂಟಿನಲ್ಲಿಯೂ ಕಡಿತ ಮಾಡಿ ಅದನ್ನು ಹಿಂದಕ್ಕೆ ಪಡೆದಿದ್ದ. ಊರಿನ ಒಂದು ಮನೆಯಿಂದಲೂ ಒಂದು ರೂಪಾಯಿ ಹೊರಟಿರಲಿಲ್ಲ. ಆ ಹಿರಿಯರ ಮಾತು ಸುಳ್ಳಲ್ಲ, ಮೋಟಾರು ನಿಜಕ್ಕೂ ಊರಿನದಾಗಿರಲಿಲ್ಲ. ಆದ್ದರಿಂದ ಎಷ್ಟು ಹಣ ಕೂಡಿತು ಎಂಬುದಕ್ಕಿಂತ ಅದು ಯಾರ ಮನೆಯಿಂದ ಯಾವ ದಿನ ಹೊರಟಿತು, ಯಾರ ಕೈಯಲ್ಲಿ ಎಣಿಕೆಯಾಯಿತು ಎಂಬುದನ್ನೇ ಅಂದಿನಿಂದ ನಾನು ಮೊದಲು ನೋಡುತ್ತೇನೆ.

ಪುಣೆಯಲ್ಲಿ ಕೊಳಾಯಿ ತಿರುಗಿಸುವ ನಮ್ಮಲ್ಲಿ ಹೆಚ್ಚಿನವರಿಗೆ ನೀರು ಎಲ್ಲಿಂದ ಬರುತ್ತದೆ ಎಂಬುದು ಖಡಕ್‌ವಾಸ್ಲಾದ ಹೆಸರಿನವರೆಗೆ ಮಾತ್ರ ಗೊತ್ತು. ಖಡಕ್‌ವಾಸ್ಲಾದ ಮೇಲೆ ಪಾನ್‌ಶೇತ್ ಮತ್ತು ವರಸ್‌ಗಾಂವ್ ಅಣೆಕಟ್ಟುಗಳಿವೆ. ಅವುಗಳಿಗೂ ಮೇಲೆ ಸಹ್ಯಾದ್ರಿಯ ಏಣುಗಳ ನಡುವೆ ವೆಲ್ಹೆಯ ವಾಡಿಗಳು ಚದುರಿಕೊಂಡಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬಿಡುವಿಲ್ಲದೆ ಮಳೆ ಸುರಿಯುತ್ತದೆ, ಭತ್ತದ ಗದ್ದೆಗಳು ತುಂಬಿ ಹರಿಯುತ್ತವೆ. ಫೆಬ್ರವರಿ ಮುಗಿಯುವ ಹೊತ್ತಿಗೆ ಬಾವಿಗಳ ತಳ ಕಾಣುತ್ತದೆ. ಇದರಲ್ಲಿ ಆಶ್ಚರ್ಯವಿಲ್ಲ. ದಖನ್ನಿನ ಕಪ್ಪುಕಲ್ಲು ಲಾವಾ ಪದರಗಳು ಒಂದರ ಮೇಲೊಂದು ಹರಡಿ ಆದದ್ದು; ಗಟ್ಟಿ ಕಲ್ಲಿನಲ್ಲಿ ನೀರು ನಿಲ್ಲಲು ಜಾಗವೇ ಇಲ್ಲ. ಸವೆದು ಸಡಿಲಗೊಂಡ ಮೇಲಿನ ಪದರದಲ್ಲಿ, ಬಿರುಕುಗಳಲ್ಲಿ, ಎರಡು ಪದರಗಳು ಕೂಡುವ ಸಂದಿನಲ್ಲಿ ಮಾತ್ರ ಒಂದಿಷ್ಟು ನೀರು ಉಳಿಯುತ್ತದೆ, ಉಳಿದುದೆಲ್ಲ ಇಳಿಜಾರಿನಲ್ಲಿ ಓಡಿ ಅಣೆಕಟ್ಟು ಸೇರುತ್ತದೆ. ನಗರಕ್ಕೆ ನೀರು ಕೊಡುವ ಬೆಟ್ಟದ ಹೆಂಗಸರು ಏಪ್ರಿಲ್ ತಿಂಗಳಲ್ಲಿ ಅಣೆಕಟ್ಟಿನ ಹಿನ್ನೀರಿನ ಕೆಸರಿಗೆ ಇಳಿದು ಬರುತ್ತಾರೆ. ಬೇಸಿಗೆ ಏರಿದಂತೆ ಹಿನ್ನೀರು ಹಿಂದೆ ಸರಿಯುತ್ತದೆ, ದಾರಿ ಉದ್ದವಾಗುತ್ತದೆ.

ನಾನು ಈ ವಾಡಿಗೆ ಮೊದಲು ಹೋದದ್ದು 2015ರ ಅಕ್ಟೋಬರಿನಲ್ಲಿ, ಸ್ವಾರ್‌ಗೇಟಿನಿಂದ ಎಸ್‌ಟಿ ಬಸ್ಸಿನಲ್ಲಿ. ಜೊತೆಯಲ್ಲಿ ಇಬ್ಬರು ಕನ್ನಡಿಗ ಹಿರಿಯರಿದ್ದರು. ಒಬ್ಬರು ಪಿಂಪರಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಫಿಟರ್ ಆಗಿದ್ದ ಬೆಳಗಾವಿಯವರು, ಇನ್ನೊಬ್ಬರು ಬ್ಯಾಂಕಿನಿಂದ ನಿವೃತ್ತರಾದ ಧಾರವಾಡದವರು. ಭಾನುವಾರಗಳನ್ನು ಈ ಕೆಲಸಕ್ಕೆ ಕೊಡುತ್ತೇವೆಂದು ಅವರೇ ಮುಂದೆ ಬಂದಿದ್ದರು. ಕೊಳವೆಯ ಜೋಡಣೆ ಒಬ್ಬರದು, ಲೆಕ್ಕದ ವಹಿ ಇನ್ನೊಬ್ಬರದು ಎಂದು ಬಸ್ಸಿನಲ್ಲಿಯೇ ನಮ್ಮಲ್ಲಿ ಹಂಚಿಕೆಯಾಗಿತ್ತು. ಮುಂದಿನ ಎರಡು ವರ್ಷ ಆ ಬಸ್ಸಿನ ಹಿಂದಿನ ಸೀಟೇ ನಮ್ಮ ಕಚೇರಿ.

ಹೋದ ಮೊದಲ ದಿನವೇ ಮಾರುತಿಯ ಗುಡಿಯ ಮುಂದೆ ಸಭೆ ಕೂಡಿತು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ದೂರದ ಗೋಡೆಯ ನೆರಳಿನಲ್ಲಿ. "ಬೋರ್ ಹಾಕಿಸಿಕೊಡಿ" ಎಂಬುದೇ ಎಲ್ಲರ ಒಂದೇ ಮಾತು. ಆಗಲೇ ಎರಡು ಬೋರ್ ಹಾಕಿಸಿ, ಎರಡರಲ್ಲಿಯೂ ಮಾರ್ಚ್ ನಂತರ ನೀರಿರದ ಊರದು. ನಾನು ಏನನ್ನೂ ಒಪ್ಪಲಿಲ್ಲ, ನಿರಾಕರಿಸಲೂ ಇಲ್ಲ. ಒಂದು ವರ್ಷ ಯಾವ ಕೆಲಸವನ್ನೂ ಆರಂಭಿಸುವುದಿಲ್ಲ, ನೀರನ್ನು ಅಳೆಯೋಣ ಎಂದೆ. ಕೆಲವರು ಎದ್ದು ಹೋದರು. ಅಂದು ರಾತ್ರಿ ಅಲ್ಲಿಯೇ ಉಳಿದು, ಮರುದಿನ ಬೆಳಗಿನ ಐದು ಗಂಟೆಗೆ ಹೆಂಗಸರ ಜೊತೆಯಲ್ಲಿ ನೀರಿಗೆ ಹೋದೆ. ತಾಮ್ರದ ಹಂಡೆಯ ಮೇಲೆ ಸ್ಟೀಲಿನ ಕೊಡ. ತಲೆಯ ಮೇಲೆ ಸಿಂಬೆ. ಹಳೆಯ ಸೀರೆಯ ಚೂರನ್ನು ತಿರುಚಿ ಮಾಡಿದ ಆ ಸಿಂಬೆಗೆ ಅವರು ಚುಂಬಳ ಎನ್ನುತ್ತಾರೆ. ಒಬ್ಬಾಕೆ ನನ್ನ ತಲೆಯ ಮೇಲೆ ತನ್ನ ಸಿಂಬೆಯನ್ನಿಟ್ಟು ಅರ್ಧ ತುಂಬಿದ ಹಂಡೆಯನ್ನು ಹೊರಿಸಿದಳು. ಇಪ್ಪತ್ತು ಹೆಜ್ಜೆ ಏರುವಷ್ಟರಲ್ಲಿ ನನ್ನ ಕುತ್ತಿಗೆಯ ನರ ಬಿಗಿಯಿತು. ಅವಳು ಏಳು ತಿಂಗಳ ಬಸುರಿ, ದಿನಕ್ಕೆ ಆರು ಸಲ ಅದೇ ದಾರಿಯನ್ನು ಏರುತ್ತಿದ್ದಳು.

ಬೇಸಿಗೆಯಲ್ಲಿಯೂ ಬತ್ತದ ಒರತೆಯೊಂದು ಮೇಲಿನ ಕಾಡಿನಂಚಿನಲ್ಲಿದೆ ಎಂದು ನಮಗೆ ತೋರಿಸಿದ್ದು ವಾಡಿಯ ಹೊರಗೆ ಗುಡಿಸಲು ಹಾಕಿಕೊಂಡಿದ್ದ, ಕಾತಕರಿ ಎಂಬ ಆದಿವಾಸಿ ಸಮುದಾಯದ ಕುಟುಂಬವೊಂದರ ಮುದುಕ. ಜೇನಿಗೆ, ಗೆಡ್ಡೆಗೆ ಅಲೆದು ಅವನಿಗೆ ಬೆಟ್ಟದ ಪ್ರತಿಯೊಂದು ಬಿರುಕೂ ಗೊತ್ತಿತ್ತು. ಮುಳ್ಳುಪೊದೆಯ ಹಿಂದೆ, ಕಪ್ಪು ಕಲ್ಲಿನ ಕೆಳಗೆ ಕೆಮ್ಮಣ್ಣಿನಂತೆ ಕಾಣುವ ತೆಳ್ಳನೆಯ ಪದರವೊಂದಿತ್ತು, ಅದರ ಮೇಲಂಚಿನಿಂದ ನೀರು ಜಿನುಗುತ್ತಿತ್ತು. ಎರಡು ಲಾವಾ ಹರಿವುಗಳ ನಡುವೆ ಸಿಕ್ಕಿಕೊಂಡ ಆ ಕೆಂಪು ಪದರ ನೀರನ್ನು ಕೆಳಗೆ ಇಳಿಯಗೊಡುವುದಿಲ್ಲ, ಅದಕ್ಕಾಗಿಯೇ ನೀರು ಪಕ್ಕಕ್ಕೆ ದಾರಿ ಹುಡುಕಿ ಹೊರಬಂದಿತ್ತು. ಒರತೆ ವಾಡಿಗಿಂತ ಎತ್ತರದಲ್ಲಿದ್ದದ್ದು ನಮ್ಮ ಭಾಗ್ಯ. ನಾವು ಟಾಕಿಗೆಂದು ಗುರುತಿಸಿದ ಜಾಗಕ್ಕಿಂತ ಅದು 46 ಮೀಟರ್ ಮೇಲಿತ್ತು. ಮೋಟಾರು ಬೇಡ, ಕರೆಂಟಿನ ಬಿಲ್ಲು ಬೇಡ, ನೀರು ತಾನಾಗಿಯೇ ಇಳಿದುಬರುತ್ತದೆ.

ಆದರೆ ಎಷ್ಟು ನೀರು? ಅದನ್ನು ಅಳೆಯುವ ಕೆಲಸವನ್ನು ವಾಡಿಯವರಿಗೇ ಬಿಟ್ಟೆ. ಹತ್ತು ಲೀಟರಿನ ಒಂದು ಬಕೆಟ್, ಮೊಬೈಲಿನ ಗಡಿಯಾರ, ನೂರು ಪುಟದ ಒಂದು ವಹಿ. ಪ್ರತಿ ಸೋಮವಾರ ಬೆಳಿಗ್ಗೆ ಇಬ್ಬರು ಹೆಂಗಸರು ಹೋಗಿ, ಬಕೆಟ್ ತುಂಬಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಮೂರು ಸಲ ನೋಡಿ ಬರೆಯಬೇಕು. ಏಳನೆಯ ತರಗತಿಯವರೆಗೆ ಓದಿದ್ದ ಸೊಸೆಯೊಬ್ಬಳು ಈ ವಹಿಯನ್ನು ತನ್ನದಾಗಿಸಿಕೊಂಡಳು. ಮಳೆಯಲ್ಲಿ ನೆನೆಯದಿರಲೆಂದು ಅದನ್ನು ಹಾಲಿನ ಪ್ಯಾಕೆಟ್ಟುಗಳನ್ನು ಹೊಲಿದು ಮಾಡಿದ ಚೀಲದಲ್ಲಿ ಇಡುತ್ತಿದ್ದಳು. ಅಕ್ಟೋಬರಿನಲ್ಲಿ ಬಕೆಟ್ ತುಂಬಲು 18 ಸೆಕೆಂಡ್ ಸಾಕಾಗಿತ್ತು. 2016ರ ಮೇ ತಿಂಗಳ ಮೂರನೆಯ ವಾರದಲ್ಲಿ ಅದೇ ಬಕೆಟ್ಟಿಗೆ 67 ಸೆಕೆಂಡ್ ಬೇಕಾಯಿತು, ಅಂದರೆ ನಿಮಿಷಕ್ಕೆ ಸುಮಾರು 9 ಲೀಟರ್, ದಿನಕ್ಕೆ 13 ಸಾವಿರ ಲೀಟರಿಗೆ ಸ್ವಲ್ಪ ಕಡಿಮೆ. ವಾಡಿಯಲ್ಲಿ 290 ಜನ. ತಲೆಗೆ ದಿನಕ್ಕೆ 55 ಲೀಟರ್ ಕೊಡುವುದಾದರೆ ಸುಮಾರು 16 ಸಾವಿರ ಲೀಟರ್ ಬೇಕು. ಬೇಸಿಗೆಯ ಕೊನೆಗೆ ಸಾಲದು.

ಈ ಕೊರತೆಯನ್ನು ನಾನು ಮುಚ್ಚಿಡಲಿಲ್ಲ. ಹಿಂದಿನ ಊರಿನಲ್ಲಾಗಿದ್ದರೆ ಇನ್ನೊಂದು ಮೂಲವನ್ನು ಹುಡುಕಿ, ಲೆಕ್ಕ ಸರಿ ಮಾಡಿ, ನಕ್ಷೆಯನ್ನು ಒಯ್ದು ತೋರಿಸುತ್ತಿದ್ದೆ. ಇಲ್ಲಿ ವಹಿಯ ಅಂಕಿಗಳನ್ನು ಗುಡಿಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಸಿ, ಏನು ಮಾಡೋಣ ಎಂದು ಅವರನ್ನೇ ಕೇಳಿದೆ. ಮಹಾರಾಷ್ಟ್ರದಲ್ಲಿ ಗ್ರಾಮಸಭೆಗೆ ಮೊದಲು ಮಹಿಳೆಯರ ಸಭೆ ನಡೆಯಬೇಕೆಂಬ ನಿಯಮವಿದೆ. ಬಹಳ ಕಡೆ ಅದು ಕಾಗದದಲ್ಲಿ ನಡೆಯುತ್ತದೆ, ಇಲ್ಲಿ ಅದನ್ನು ನಿಜವಾಗಿ ಕೂಡಿಸಿದೆವು. ಹೆಂಗಸರು ಅರ್ಧ ಗಂಟೆಯಲ್ಲಿ ತೀರ್ಮಾನಿಸಿದರು: ಹೋಳಿಯಿಂದ ಮೊದಲ ಮಳೆಯವರೆಗೆ ತಲೆಗೆ 40 ಲೀಟರ್, ದನಗಳಿಗೆ ಹಳೆಯ ಬಾವಿ, ಬಟ್ಟೆ ಒಗೆಯಲು ಹಿನ್ನೀರು, ಉಳಿದ ತಿಂಗಳುಗಳಲ್ಲಿ ಎಷ್ಟು ಬೇಕೋ ಅಷ್ಟು. 290 ಜನಕ್ಕೆ 40 ಲೀಟರ್ ಎಂದರೆ 11,600 ಲೀಟರ್. ಒರತೆ ಕೊಡುವುದರೊಳಗೇ ಬಂತು. ಯಾವ ಇಂಜಿನಿಯರನೂ ತಲೆಗೆ 40 ಲೀಟರಿನ ಯೋಜನೆಯನ್ನು ಮಂಜೂರಾತಿಗೆ ಕಳಿಸುವುದಿಲ್ಲ. ಆದರೆ ಆ ಮಿತಿಯನ್ನು ತಾವೇ ಹಾಕಿಕೊಂಡದ್ದರಿಂದ ಇಂದಿನವರೆಗೆ ಅಲ್ಲಿ ಬೇಸಿಗೆಯ ನೀರಿಗೆ ಜಗಳವಾಗಿಲ್ಲ.

ಜಗಳವಾದದ್ದು ಬೇರೆ ವಿಷಯಕ್ಕೆ. ವಂತಿಗೆಯ ಪಟ್ಟಿ ತಯಾರಾದಾಗ ಅದರಲ್ಲಿ 52 ಮನೆಗಳಿದ್ದವು. ಕಾತಕರಿಗಳ ಆರು ಮನೆಗಳು ಇರಲಿಲ್ಲ. ಅವರು ದೀಪಾವಳಿಯ ನಂತರ ಇಟ್ಟಿಗೆ ಭಟ್ಟಿಗಳಿಗೆ ದುಡಿಯಲು ಹೋಗಿ ಮಳೆಗೆ ಮೊದಲು ಹಿಂದಿರುಗುವವರು, ಅವರಿಗೆ ಊರಿನಲ್ಲಿ ಭೂಮಿಯಿಲ್ಲ, ಹೀಗಿರುವಾಗ ಅವರನ್ನು ಎಣಿಸುವುದೇಕೆ ಎಂದು ಪ್ರಮುಖರು ವಾದಿಸಿದರು. ಸಮುದಾಯದ ಒಡೆತನ ಎಂದು ನಾವು ಹೇಳಿಕೊಂಡು ಬಂದವರು. ಆ ಸಮುದಾಯವೇ ಆರು ಮನೆಗಳನ್ನು ಹೊರಗಿಟ್ಟರೆ ಏನು ಮಾಡಬೇಕು? ಅವರ ತೀರ್ಮಾನ ಅವರದು ಎಂದು ಸುಮ್ಮನಿರುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಒರತೆ ತೋರಿಸಿದವನ ಮನೆಗೆ ನೀರಿಲ್ಲದ ಯೋಜನೆಗೆ ನಮ್ಮ ಸಂಸ್ಥೆ ಕೈ ಹಾಕುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ ಹಿಂದಿರುಗಿದೆ. ಎರಡೂವರೆ ತಿಂಗಳು ಮಾತುಕತೆ ನಿಂತುಹೋಯಿತು.

ಆ ನಡುವೆ ಹನ್ನೆರಡು ಜನರನ್ನು ಪುರಂದರ ತಾಲೂಕಿನ ನಾಯ್‌ಗಾಂವ್‌ಗೆ ಕರೆದೊಯ್ದೆವು. 1972ರ ಬರಗಾಲದ ನಂತರ ವಿಲಾಸರಾವ್ ಸಾಳುಂಖೆಯವರು ಪಾಣಿ ಪಂಚಾಯತ್ ಕಟ್ಟಿದ್ದು ಅಲ್ಲಿಯೇ. ಅದು ಕೃಷಿಯ ನೀರಿನ ವಿಷಯ, ನಮ್ಮದು ಕುಡಿಯುವ ನೀರಿನದು. ಆದರೆ ನೀರಿನ ಪಾಲು ಭೂಮಿಯ ಪ್ರಮಾಣಕ್ಕಲ್ಲ, ಮನೆಯಲ್ಲಿರುವ ಜನರ ಲೆಕ್ಕಕ್ಕೆ. ಭೂಮಿ ಇಲ್ಲದವನಿಗೂ ಪಾಲುಂಟು. ಕಬ್ಬಿನಂಥ ನೀರು ನುಂಗುವ ಬೆಳೆಗೆ ಅವಕಾಶವಿಲ್ಲ, ಎಂಬ ಅವರ ಕಟ್ಟುಪಾಡುಗಳನ್ನು ಅಲ್ಲಿಯ ರೈತರ ಬಾಯಿಂದಲೇ ನಮ್ಮ ಜನ ಕೇಳಿದರು. ಹಿಂದಿರುಗುವಾಗ ದಾರಿಯಲ್ಲಿಯೇ ಇದ್ದ ಜೇಜುರಿಗೆ ಹೋಗಿ ಖಂಡೋಬನ ದರ್ಶನ ಮಾಡಿದೆವು. ನಮ್ಮ ಮೈಲಾರನೇ ಇವರ ಖಂಡೋಬ ಎಂದು ಬೆಳಗಾವಿಯ ಹಿರಿಯರು ಹೇಳಿದಾಗ ವಾಡಿಯವರ ಮುಖ ಅರಳಿತು. ಅದುವರೆಗೆ ನಾವು ಅವರಿಗೆ ಪುಣೆಯ ಸಾಹೇಬರಾಗಿದ್ದೆವು. ಮುಂದಿನ ಸಭೆಯಲ್ಲಿ, ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವ ವಯಸ್ಸಾದ ಒಬ್ಬರು ಎದ್ದು ನಿಂತು, ಕಾತಕರಿಗಳ ಮನೆಗಳನ್ನು ಬರೆಯದಿದ್ದರೆ ನನ್ನ ಮನೆಯನ್ನೂ ಹೊಡೆದುಹಾಕಿ ಎಂದರು. ಪಟ್ಟಿ 58 ಮನೆಗಳದಾಯಿತು. ಬದಲಾವಣೆ ಇಷ್ಟು ಸುಲಭವಾಗಿ ಆಯಿತೆಂದು ಯಾರೂ ತಿಳಿಯಬಾರದು. ಆ ಮನೆಗಳ ನಲ್ಲಿಯನ್ನು ಎಲ್ಲರೂ ಬಳಸುವ ನಲ್ಲಿಯಾಗಿ ಒಪ್ಪಿಕೊಳ್ಳಲು ಮತ್ತೂ ಒಂದು ವರ್ಷ ಹಿಡಿಯಿತು.

ವಂತಿಗೆ ಮನೆಗೆ 500 ರೂಪಾಯಿ, ಜೊತೆಗೆ ಕೊಳವೆಯ ಕಾಲುವೆಯಲ್ಲಿ 25 ಮೀಟರ್ ಅಗೆತ. 2016ರ ದೀಪಾವಳಿಯಿಂದ ಹಣ ಕೂಡಿಸಲು ಆರಂಭಿಸಿದರು. ಮಹಿಳೆಯರ ಬಚತ್ ಗಟದ, ಅಂದರೆ ಉಳಿತಾಯ ಗುಂಪಿನ, ತಗಡಿನ ಡಬ್ಬಿಯಲ್ಲಿ 43 ಮನೆಗಳ ಹಣ ಸೇರಿತ್ತು, ಬಹುತೇಕ ಐನೂರರ ನೋಟುಗಳೇ. ನವೆಂಬರ್ 8ರ ರಾತ್ರಿ ಆ ನೋಟುಗಳು ಚಲಾವಣೆಯಿಂದ ಹೋದವು. ಧಾರವಾಡದ ಹಿರಿಯರು ತಮ್ಮ ಬ್ಯಾಂಕಿನ ಅನುಭವವನ್ನೆಲ್ಲ ಬಳಸಿ, ವಾಡಿಯ ನೀರಿನ ಸಮಿತಿಯ ಹೆಸರಿನಲ್ಲಿ ಖಾತೆ ತೆರೆಸಿ, ಸಾಲಿನಲ್ಲಿ ನಿಂತು ಹಣವನ್ನು ಕಟ್ಟಿಸಿದರು. ಖಾತೆಗೆ ಇಬ್ಬರು ಹೆಂಗಸರ ಸಹಿ. ಆ ಆತಂಕದ ವಾರದಲ್ಲಿ, ತಮ್ಮ ಐನೂರು ಉಳಿಯಿತೇ ಎಂದು ಪ್ರತಿ ಮನೆಯವರೂ ಬಂದು ಕೇಳಿದ್ದನ್ನು ನೋಡಿ ನನಗೆ ಒಂದು ಬಗೆಯ ನೆಮ್ಮದಿಯಾಯಿತು. ಹಿಂದಿನ ಊರಿನಲ್ಲಿ ವಂತಿಗೆಯ ಬಗ್ಗೆ ಯಾರೂ ಏನನ್ನೂ ಕೇಳಿರಲಿಲ್ಲ.

ಅಗೆತ ನಡೆದದ್ದು 2017ರ ಹೋಳಿಯ ವಾರದಲ್ಲಿ. ಪುಣೆ, ಮುಂಬಯಿಗಳಲ್ಲಿ ದುಡಿಯುವ ಮಕ್ಕಳು ಶಿಮಗಾ ಹಬ್ಬಕ್ಕೆ ಊರಿಗೆ ಬರುತ್ತಾರೆ, ಆಗಲೇ ಆಳು ಸಿಗುವುದು ಎಂದು ದಿನ ಗೊತ್ತು ಮಾಡಿದವರು ವಾಡಿಯವರೇ. ಸುಮಾರು 1,400 ಮೀಟರ್ ಕಾಲುವೆ ಒಂಬತ್ತು ದಿನದಲ್ಲಿ ಮುಗಿಯಿತು. ಒಂಟಿ ಮುದುಕಿಯರ ಪಾಲನ್ನು ಪಕ್ಕದ ಮನೆಯವರು ಅಗೆದರು. ಭಟ್ಟಿಯಲ್ಲಿದ್ದ ಕಾತಕರಿಗಳ ಪಾಲನ್ನೂ ಎಲ್ಲರೂ ಹಂಚಿಕೊಂಡರು. ಅವರು ಹಿಂದಿರುಗಿದ ಮೇಲೆ ಒರತೆಯ ಸುತ್ತಲಿನ ಕಲ್ಲಿನ ಬೇಲಿಯನ್ನು ತಾವೇ ಕಟ್ಟಿ ಲೆಕ್ಕ ತೀರಿಸಿದರು.

ಒರತೆಯ ಕಟ್ಟಡಕ್ಕೆ ಮಾತ್ರ ನುರಿತ ಕೈ ಬೇಕಿತ್ತು. ಪುಣೆಯ ವಾರಜೆಯ ಕಟ್ಟಡಗಳಲ್ಲಿ ಕಲ್ಲಿನ ಕೆಲಸ ಮಾಡುತ್ತಿದ್ದ, ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಮೇಸ್ತ್ರಿಯೊಬ್ಬರನ್ನು ಮತ್ತು ಅವರ ಗುಂಪನ್ನು ಕರೆದೊಯ್ದೆವು. ನನ್ನ ನಕ್ಷೆಯಲ್ಲಿ, ಒರತೆಯ ನೀರನ್ನು ಕೂಡಿಸಿಕೊಳ್ಳುವ ಪೆಟ್ಟಿಗೆಯ ನಾಲ್ಕೂ ಗೋಡೆಗಳು ಸಿಮೆಂಟಿನವು, ಹಿಂದಿನ ಗೋಡೆಯಲ್ಲಿ ರಂಧ್ರಗಳು. ಮೇಸ್ತ್ರಿ ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕುಳಿತು ಒರತೆಯನ್ನು ನೋಡಿದರು. ಕೈಯಿಂದ ಮಣ್ಣು ಸರಿಸಿ, ನೀರು ಎಲ್ಲೆಲ್ಲಿ ಜಿನುಗುತ್ತದೆ ಎಂದು ಬೆರಳಿಟ್ಟು ನೋಡಿದರು. ಆಮೇಲೆ, "ಅಕ್ಕಾರ, ಹಿಂದಿನ ಗ್ವಾಡಿಗೆ ಸಿಮಿಟ್ ಬ್ಯಾಡ್ರಿ. ಇದು ಒಂದ ಕಣ್ಣಿನ ವರತಿ ಅಲ್ಲ, ಉದ್ದಕ್ಕ ಜಿನಗತೈತಿ. ಒಣಾ ಕಲ್ಲ ಪೇರಸ್ತೀನಿ, ನೀರಿಗೆ ದಾರಿ ಬಿಡೂಣು. ನಾವು ಅಡ್ಡ ಹಾಕಿದ್ರ ಅದು ಬ್ಯಾರೆ ಕಡಿಗೆ ಹೊಕ್ಕೈತಿ ನೋಡ್ರಿ" ಎಂದರು. ಅವರು ಹೇಳಿದ್ದು ಸರಿಯಾಗಿತ್ತು, ನಾನು ನಕ್ಷೆಯನ್ನು ಬದಲಿಸಿದೆ.

ಈ ಕೆಲಸ ಮಾಡಬಯಸುವವರಿಗೆ ಇಲ್ಲಿ ಒಂದೆರಡು ಮಾತುಗಳನ್ನು ಬಿಡಿಸಿ ಹೇಳಬೇಕು. ಒರತೆಯ ಬಳಿ ಸಿಡಿಮದ್ದು ಬಳಸಲೇಬಾರದು; ಕಲ್ಲಿನ ಬಿರುಕು ಅಲುಗಿದರೆ ನೀರು ಬೇರೆ ದಾರಿ ಹಿಡಿದು ಮರೆಯಾಗಬಹುದು. ಹೆಚ್ಚಾದ ನೀರು ಹೊರಹೋಗುವ ಕೊಳವೆ ನೀರು ಜಿನುಗುವ ಮಟ್ಟಕ್ಕಿಂತ ಕೆಳಗೇ ಇರಬೇಕು, ಪೆಟ್ಟಿಗೆಯಲ್ಲಿ ನೀರು ಆ ಮಟ್ಟವನ್ನು ಮೀರಿ ನಿಂತರೆ ಅದರ ಒತ್ತಡವೇ ಒರತೆಯನ್ನು ಹಿಂದಕ್ಕೆ ತಳ್ಳುತ್ತದೆ. ಒಣಕಲ್ಲಿನ ಗೋಡೆಯ ಹಿಂದೆ ತೊಳೆದ ಜಲ್ಲಿ, ಅದರ ಮೇಲೆ ಮಳೆನೀರು ನೇರವಾಗಿ ಇಳಿಯದಂತೆ ಮಿದ್ದಿ ಹದಮಾಡಿದ ಜೇಡಿಮಣ್ಣು, ಅದಕ್ಕೂ ಮೇಲಿನ ಇಳಿಜಾರಿನಲ್ಲಿ ಹರಿವ ನೀರನ್ನು ಪಕ್ಕಕ್ಕೆ ತಿರುಗಿಸುವ ಚರಂಡಿ ಇರಬೇಕು. ಮೇಲ್ಭಾಗದಲ್ಲಿ ದನ ಮೇಯಿಸುವುದನ್ನು, ಬಹಿರ್ದೆಸೆಗೆ ಹೋಗುವುದನ್ನು ನಿಲ್ಲಿಸದಿದ್ದರೆ ಇದೆಲ್ಲ ವ್ಯರ್ಥ. ಇಳಿಜಾರಿನ ಕೊಳವೆಗಳಲ್ಲಿ ಇನ್ನೊಂದು ತೊಡಕುಂಟು: ದಾರಿಯಲ್ಲಿ ಉಬ್ಬು ಬಂದ ಕಡೆ ಗಾಳಿ ಸೇರಿಕೊಂಡು ನೀರನ್ನು ತಡೆಯುತ್ತದೆ. ನಮ್ಮಲ್ಲಿ ಮೊದಲ ದಿನ ಮೇಲಿನ ಗೇಟ್ ತೆರೆದು ಎರಡು ಗಂಟೆ ಕಾದರೂ ಕೆಳಗೆ ಒಂದು ಹನಿ ಬರಲಿಲ್ಲ. ಡೋಲು ತಾಶೆ ತಂದವರು ಸುಮ್ಮನೆ ಕುಳಿತರು. ಬೆಳಗಾವಿಯ ಹಿರಿಯರು ಕೊಳವೆಯುದ್ದಕ್ಕೂ ನಡೆದು, ಬಂಡೆಯೊಂದನ್ನು ತಪ್ಪಿಸಲು ಕೊಳವೆ ಒಂದು ಮೀಟರ್ ಮೇಲೇರಿದ್ದ ಜಾಗದಲ್ಲಿ ಜೋಡಣೆಯನ್ನು ಸಡಿಲಿಸಿದರು. ಬುಸ್ಸೆಂದು ಗಾಳಿ ಹೊರಟಿತು, ಹಿಂದೆಯೇ ಕೆಸರು ನೀರು, ಆಮೇಲೆ ತಿಳಿನೀರು. ಅಲ್ಲಿ ಗಾಳಿ ವಾಲ್ವ್ ಕೂರಿಸಲು ನಾನು ಮರೆತಿದ್ದೆ.

ನೀರು ಬಂತು, ಅದು ಸುರಕ್ಷಿತವೇ ಎಂಬ ಪ್ರಶ್ನೆ ಉಳಿದಿತ್ತು. ಬೆಟ್ಟದ ಒರತೆಯ ನೀರಿನಲ್ಲಿ ಲವಣಗಳು ಕಡಿಮೆ, ನಮ್ಮ ಮುಂಡರಗಿಯ ಫ್ಲೋರೈಡಿನ ಭಯವೂ ಇಲ್ಲವೆಂದು ಪ್ರಯೋಗಾಲಯದ ವರದಿ ಹೇಳಿತು. ಇಲ್ಲಿಯ ಅಪಾಯ ರೋಗಾಣುಗಳದು. ಅದನ್ನು ಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಪುಟ್ಟ ಬಾಟಲಿಗಳನ್ನು ಒಯ್ದು, ಒಂದರಲ್ಲಿ ಒರತೆಯ ಪೆಟ್ಟಿಗೆಯ ನೀರು, ಒಂದರಲ್ಲಿ ಹಳೆಯ ಬಾವಿಯದು, ಮತ್ತೊಂದರಲ್ಲಿ ಕಾಕುವಿನ ಮನೆಯ ಹಂಡೆಯದನ್ನು ತುಂಬಿಸಿ, ಬಚತ್ ಗಟದ ಡಬ್ಬಿಯ ಪಕ್ಕದಲ್ಲಿಟ್ಟೆವು. ಮಲದ ಸೋಂಕನ್ನು ಸೂಚಿಸುವ ಬ್ಯಾಕ್ಟೀರಿಯಾಗಳಿದ್ದರೆ ನೀರು ಒಂದೆರಡು ದಿನಗಳಲ್ಲಿ ಕಪ್ಪಾಗುತ್ತದೆ. ಮರುದಿನ ಸಂಜೆ ಬಾವಿಯ ಬಾಟಲಿ ಶಾಯಿಯಂತೆ ಕಪ್ಪಾಗಿತ್ತು, ಒರತೆಯದು ತಿಳಿಯಾಗಿಯೇ ಇತ್ತು. ಎಲ್ಲರನ್ನೂ ಬೆಚ್ಚಿಬೀಳಿಸಿದ್ದು ಹಂಡೆಯ ಬಾಟಲಿ, ಏಕೆಂದರೆ ಅದೂ ಕಪ್ಪಾಗಿತ್ತು. ಒರತೆಯ ಶುದ್ಧ ನೀರನ್ನೇ ತಂದು ತುಂಬಿಸಿದ್ದ ಹಂಡೆಯದು. ಮಕ್ಕಳು ಕೈ ಅದ್ದಿ ತೆಗೆಯುವ ಲೋಟ ಅದಕ್ಕೆ ಕಾರಣ. ಕಾಕು ಆ ಬಾಟಲಿಯನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು, ಏನೂ ಮಾತನಾಡಲಿಲ್ಲ. ಮುಂದಿನ ಸಂತೆಯಲ್ಲಿ ವಾಡಿಯ ಹೆಂಗಸರು ಉದ್ದ ಹಿಡಿಯ ಸೌಟುಗಳನ್ನು ಕೊಂಡು ತಂದರು.

ಟಾಕಿಗೆ ಬ್ಲೀಚಿಂಗ್ ಪುಡಿ ಹಾಕುವುದಕ್ಕೆ ವಿರೋಧ ಬಂತು. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಅದಕ್ಕೆ ಟಿಸಿಎಲ್ ಎಂದೇ ಹೆಸರು. ಔಷಧದ ವಾಸನೆ ಬರುತ್ತದೆ, ಚಹಾ ಕೆಡುತ್ತದೆ ಎಂಬ ದೂರು ನಿಜವಾದದ್ದೇ. ಕೈಗೆ ಬಂದಷ್ಟು ಸುರಿದರೆ ಹಾಗಾಗುತ್ತದೆ. ಒಳ್ಳೆಯ ಪುಡಿಯಾದರೆ 1,000 ಲೀಟರಿಗೆ ಎರಡೂವರೆ ಗ್ರಾಂ ಸಾಕು, ನಮ್ಮ 15 ಸಾವಿರ ಲೀಟರಿನ ಟಾಕಿಗೆ 40 ಗ್ರಾಮಿಗೂ ಕಡಿಮೆ. ಆ ಪ್ರಮಾಣಕ್ಕೆ ಗುರುತು ಹಾಕಿದ ಒಂದು ಲೋಟವನ್ನು ಇಟ್ಟೆವು. ಪುಡಿಯನ್ನು ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳದಲ್ಲಿ ನಿಂತ ಮೇಲೆ ತಿಳಿಯನ್ನು ಮಾತ್ರ ಟಾಕಿಗೆ ಹಾಕಿ, ಅರ್ಧ ಗಂಟೆ ಬಿಟ್ಟು ನೀರು ಬಿಡಬೇಕು. ಕೊನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅದನ್ನು ಓಟಿ (ಆರ್ಥೋಟಾಲಿಡಿನ್) ಪರೀಕ್ಷೆಯ ಹಳದಿ ಬಣ್ಣದಿಂದ ತಿಳಿಯುವುದನ್ನು ವಹಿ ಬರೆಯುತ್ತಿದ್ದ ಆ ಸೊಸೆಯೇ ಕಲಿತಳು. ಸಮಿತಿ ಅವಳನ್ನೇ ನೀರುಗಂಟಿಯಾಗಿ ನೇಮಿಸಿತು, ತಿಂಗಳಿಗೆ 1,500 ರೂಪಾಯಿ. ಹೆಂಗಸು ಟಾಕಿ ಹತ್ತುವುದೇ ಎಂದು ಒಂದಿಬ್ಬರು ಗೊಣಗಿದರು, ಅವಳು ಹತ್ತಿದಳು. ಆರೋಗ್ಯ ಇಲಾಖೆಯವರು ವರ್ಷಕ್ಕೆರಡು ಬಾರಿ ನೀರಿನ ಮೂಲಗಳನ್ನು ನೋಡಿ ಗ್ರಾಮ ಪಂಚಾಯಿತಿಗೆ ಕೆಂಪು, ಹಳದಿ ಅಥವಾ ಹಸಿರು ಕಾರ್ಡು ಕೊಡುತ್ತಾರೆ. ಹಸಿರು ಕಾರ್ಡು ಬಂದ ದಿನ ಅವಳು ನನಗೆ ಫೋನು ಮಾಡಿ, ಮೊದಲು ಒರತೆಯ ಆ ವಾರದ ಸೆಕೆಂಡುಗಳನ್ನು ಹೇಳಿ, ಆಮೇಲೆ ಕಾರ್ಡಿನ ವಿಷಯ ಹೇಳಿದಳು.

ನೀರಿನ ಕರ ತಿಂಗಳಿಗೆ 60 ರೂಪಾಯಿ ಎಂದು ಗೊತ್ತುಮಾಡಿದರೂ ತಿಂಗಳು ತಿಂಗಳು ವಸೂಲಿ ಮಾಡಲಿಲ್ಲ. ಭತ್ತ ಬೆಳೆಯುವ ಮನೆಯಲ್ಲಿ ತಿಂಗಳ ಸಂಬಳವಿಲ್ಲ. ಅರ್ಧ ದೀಪಾವಳಿಗೆ, ಭತ್ತ ಬಂದ ಮೇಲೆ; ಇನ್ನರ್ಧ ಹೋಳಿಗೆ, ನಗರದ ಮಕ್ಕಳು ಬಂದಾಗ. ಈ ಏರ್ಪಾಡನ್ನು ಸೂಚಿಸಿದವರು ಹೆಂಗಸರು. ಹಣದ ಲೆಕ್ಕವನ್ನು ಗುಡಿಯ ಮುಂದೆ ಗಟ್ಟಿಯಾಗಿ ಓದುತ್ತಾರೆ, ಯಾರದು ಬಾಕಿ ಎಂಬುದನ್ನೂ ಓದುತ್ತಾರೆ. ಎರಡನೆಯ ವರ್ಷ, ಸಮಿತಿಯ ಅಧ್ಯಕ್ಷೆಯ ಮೈದುನನೇ ರಾತ್ರಿ ಕೊಳವೆಗೆ ರಂಧ್ರ ಕೊರೆದು ದನದ ಕೊಟ್ಟಿಗೆಗೆ ನೀರು ಎಳೆದದ್ದು ಗೊತ್ತಾಯಿತು. ನಮಗೆ ಸುದ್ದಿ ತಲುಪುವ ಮೊದಲೇ ಅವನಿಂದ 500 ರೂಪಾಯಿ ದಂಡ ತೆಗೆದುಕೊಂಡು, ಕೊಳವೆಯನ್ನು ಅವನ ಕೈಯಿಂದಲೇ ಸರಿಪಡಿಸಿದ್ದರು. ದಂಡದ ರಸೀದಿಗೆ ಸಹಿ ಹಾಕಿದವಳು ಅತ್ತಿಗೆಯೇ.

2019ರ ಆಗಸ್ಟ್ 15ರಂದು ಜಲ ಜೀವನ ಮಿಷನ್ ಘೋಷಣೆಯಾದ ಮೇಲೆ ಮನೆಮನೆಗೆ ನಲ್ಲಿ ಬಂತು. ಹೊಸ ಯೋಜನೆಯ ನಕ್ಷೆಯಲ್ಲಿ ಮತ್ತೆ ಒಂದು ಬೋರ್ ಮತ್ತು ಮೋಟಾರು ಇದ್ದವು. ಸಮಿತಿಯವರು ಗ್ರಾಮಸಭೆಯಲ್ಲಿ ವಹಿಗಳನ್ನು ತೆರೆದಿಟ್ಟು, ಒರತೆಯೇ ಮೂಲವಾಗಿರಲಿ, ನಮಗೆ ಬೇಕಾದದ್ದು ಮನೆಯವರೆಗಿನ ಕೊಳವೆ ಮತ್ತು ಇನ್ನೊಂದು ಟಾಕಿ ಎಂದು ಠರಾವು ಮಾಡಿಸಿದರು. ನಾನು ಆ ಸಭೆಯಲ್ಲಿರಲಿಲ್ಲ. ನನ್ನನ್ನು ಕರೆದೂ ಇರಲಿಲ್ಲ, ಅದಕ್ಕೆ ನನಗೆ ಸಂತೋಷವಿದೆ.

ಈಗ ಹೊಸ ತೊಂದರೆ ಬಂದಿದೆ. ಪುಣೆಯವರು ಹಿನ್ನೀರಿನ ಸುತ್ತ ತೋಟದ ಮನೆಗಳಿಗಾಗಿ ಜಾಗ ಕೊಳ್ಳುತ್ತಿದ್ದಾರೆ. ಒರತೆಗೆ ನೀರುಣಿಸುವ ಮೇಲಿನ ಬಯಲಿನ ತುಂಡೊಂದು ಮಾರಾಟವಾಗಿ, 2024ರ ಬೇಸಿಗೆಯಲ್ಲಿ ಅಲ್ಲಿ ಕೊಳವೆಬಾವಿ ಕೊರೆಯುವ ಲಾರಿ ಬಂತು. ಅದಾಗಿ ಮೂರು ವಾರಗಳಲ್ಲಿ ಬಕೆಟ್ ತುಂಬುವ ಹೊತ್ತು 69 ಸೆಕೆಂಡಿನಿಂದ 94ಕ್ಕೆ ಏರಿತು. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೆಗೆಯಬಾರದೆಂಬ ಕಟ್ಟಳೆ ಮಹಾರಾಷ್ಟ್ರದ 1993ರ ಅಂತರ್ಜಲ ಕಾಯ್ದೆಯಲ್ಲಿಯೇ ಬಂದಿತ್ತು, ಅದರ ಬದಲಿಗೆ ಬಂದ 2009ರ ಕಾಯ್ದೆಯೂ ಅಂಥ ಮೂಲಗಳಿಗೆ ರಕ್ಷಣೆ ಕೊಡುತ್ತದೆ. ಅದನ್ನು ಮುಂದಿಟ್ಟುಕೊಂಡು ಸಮಿತಿಯವರು ಅರ್ಜಿ ಬರೆದರು. ಅರ್ಜಿಯ ಕರಡನ್ನು ತಿದ್ದಿಕೊಡಲು ನನಗೆ ಹೇಳಿದರು, ಜೊತೆಯಲ್ಲಿ ಬರಲೂ ಹೇಳಿದರು. ತಹಶೀಲ್ದಾರ ಕಚೇರಿಯಲ್ಲಿ ನಾನು ಹಿಂದಿನ ಬೆಂಚಿನ ಮೇಲೆ ಕುಳಿತೆ. ನೀರುಗಂಟಿ ಹಾಲಿನ ಪ್ಯಾಕೆಟ್ಟಿನ ಚೀಲದಿಂದ ನಾಲ್ಕು ವಹಿಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಎಂಟೂವರೆ ವರ್ಷದ ಸೋಮವಾರಗಳು. ಯಾವ ಸೋಮವಾರವಾದರೂ ತಪ್ಪಿದೆಯೇ ಎಂದು ಅಧಿಕಾರಿ ಕೇಳಿದರು. ಎರಡು ತಪ್ಪಿವೆ ಎಂದಳು; ಒಂದು ತನ್ನ ಹೆರಿಗೆಯ ದಿನ, ಇನ್ನೊಂದು ಕಾಕು ತೀರಿಕೊಂಡ ದಿನ, ಎರಡನ್ನೂ ಮಂಗಳವಾರ ಅಳೆದು ಬರೆದಿದೆ ಎಂದು ಪುಟ ತಿರುವಿ ತೋರಿಸಿದಳು. ಗುಮಾಸ್ತರು ಅಂಕಿಗಳನ್ನು ನಕಲು ಮಾಡಿಕೊಳ್ಳಲು ವಹಿಗಳನ್ನು ಕಚೇರಿಯಲ್ಲಿಯೇ ಬಿಟ್ಟುಹೋಗಿ ಎಂದರು. ಅವಳು ಒಪ್ಪಲಿಲ್ಲ. ಝೆರಾಕ್ಸ್ ಅಂಗಡಿ ತೆರೆಯುವವರೆಗೆ ಕಾದು, ಪ್ರತಿ ಪುಟದ ನಕಲು ಮಾಡಿಸಿ ಕೊಟ್ಟು, ವಿಚಾರಣೆಯ ದಿನವನ್ನು ನಾಲ್ಕನೆಯ ವಹಿಯ ಹಿಂದಿನ ಪುಟದಲ್ಲಿ ಬರೆದುಕೊಂಡು, ವಹಿಗಳನ್ನು ಚೀಲಕ್ಕೆ ಹಾಕಿದಳು. ಸಂಜೆಯ ಎಸ್‌ಟಿ ಹಿಡಿಯಲು ಅವರೆಲ್ಲ ಆಗಲೇ ಹೊರಟಿದ್ದರು, ಮುಂದಿನ ಸೋಮವಾರ ಮತ್ತೆ ಅಳೆಯಬೇಕಿತ್ತು.